ದೊರೆಯ ಮುಖ, ಎಣ್ಣೆಯ ಬಣ್ಣ: ರಾಜಭಾವಚಿತ್ರದ ಕೆಲಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾಜರ ಭಾವಚಿತ್ರ ಬರೆಯುವುದಕ್ಕೂ ಉಳಿದವರ ಭಾವಚಿತ್ರ ಬರೆಯುವುದಕ್ಕೂ ಏನು ವ್ಯತ್ಯಾಸ?

ಬಣ್ಣ ಅದೇ, ಎಣ್ಣೆ ಅದೇ. ವ್ಯತ್ಯಾಸವೆಲ್ಲ ಸಮಯದ್ದು. ದೊರೆ ಎದುರಿಗೆ ಕೂರುವುದು ಕೆಲವೇ ಗಂಟೆ, ಚಿತ್ರ ಮುಗಿಯಲು ಬೇಕಾದದ್ದು ತಿಂಗಳುಗಟ್ಟಲೆ. 1538ರ ಮಾರ್ಚ್ 12ರಂದು ಬ್ರಸೆಲ್ಸ್‌ನಲ್ಲಿ ಡೆನ್ಮಾರ್ಕಿನ ಕ್ರಿಸ್ಟೀನಾ ಚಿತ್ರಕಾರ ಹಾನ್ಸ್ ಹೋಲ್ಬೈನ್‌ನ ಎದುರು ಕೂತದ್ದು ಮೂರೇ ಗಂಟೆ. ಇಂಗ್ಲೆಂಡಿನ ಎಂಟನೇ ಹೆನ್ರಿಗೆ ಹೆಣ್ಣು ತೋರಿಸಲು ಬೇಕಿದ್ದ ಚಿತ್ರ ಅದು. ಅಷ್ಟು ಹೊತ್ತಿನಲ್ಲಿ ತೆಗೆದುಕೊಂಡ ಕರಡನ್ನೇ ನಂಬಿ ಹೋಲ್ಬೈನ್ ಓಕ್ ಹಲಗೆಯ ಮೇಲೆ ಸುಮಾರು 179 ಸೆಂ.ಮೀ. ಎತ್ತರದ ನಿಂತ ಆಕೃತಿಯನ್ನು ಬರೆದ. ಸ್ಪೇನಿನ ಆಸ್ಥಾನ ಚಿತ್ರಕಾರ ವೆಲಾಸ್ಕೆಸ್ 1644ರಲ್ಲಿ ಯುದ್ಧದ ನಡುವೆ ಫ್ರಾಗಾ ಊರಿನಲ್ಲಿ ದೊರೆ ನಾಲ್ಕನೇ ಫಿಲಿಪ್ಪನನ್ನು ಬರೆದದ್ದು ಮೂರು ಬೈಠಕ್‌ಗಳಲ್ಲಿ. ಇಂಗ್ಲೆಂಡಿನ ಒಂದನೇ ಚಾರ್ಲ್ಸನ ಆಸ್ಥಾನ ಚಿತ್ರಕಾರ ವಾನ್ ಡೈಕ್ ಒಬ್ಬರ ಮುಖದ ಮೇಲೆ ಒಂದು ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕೆಲಸ ಮಾಡುತ್ತಿರಲಿಲ್ಲ ಎಂದು ಅವನನ್ನು ಬಲ್ಲವರು ಹೇಳಿದ ಮಾತು ದಾಖಲಾಗಿದೆ.

ಕೆಳಗಿನ ಬಹುಪಾಲು ಉತ್ತರಗಳು ಈ ಒಂದು ಕಷ್ಟದ ಸುತ್ತಲೇ ತಿರುಗುತ್ತವೆ: ದೊರೆ ಇದ್ದಾಗ ಮಾಡಬೇಕಾದದ್ದು ಯಾವುದು, ಅವರು ಎದ್ದು ಹೋದ ಮೇಲೆ ಮಾಡಬಹುದಾದದ್ದು ಯಾವುದು.

ಹಾಗಾದರೆ ಅವರು ಕೂತಿರುವಾಗ ಏನು ಮಾಡಬೇಕು?

ಮುಖ, ಮುಖದ ಮೇಲಿನ ಬೆಳಕು, ಮೈಬಣ್ಣ, ಕೈಗಳ ನಿಲುವು. ಇಷ್ಟೇ. ಕಿರೀಟ, ಪೇಟ, ಒಡವೆ, ನಿಲುವಂಗಿ ಇವುಗಳಿಗೆ ಆ ಹೊತ್ತು ಖರ್ಚು ಮಾಡಬೇಡಿ. ಅವನ್ನು ಆಮೇಲೆ ತರಿಸಿಕೊಳ್ಳಬಹುದು. ವಾನ್ ಡೈಕ್ ಬೂದು ಕಾಗದದ ಮೇಲೆ ಕಪ್ಪು-ಬಿಳಿ ಸೀಮೆಸುಣ್ಣದಿಂದ ನಿಲುವನ್ನೂ ಬಟ್ಟೆಯನ್ನೂ ಹತ್ತು-ಹದಿನೈದು ನಿಮಿಷದಲ್ಲಿ ಗುರುತು ಮಾಡಿಕೊಳ್ಳುತ್ತಿದ್ದ. ಉಡುಪನ್ನು ಕಾರ್ಯಾಗಾರಕ್ಕೆ ತರಿಸಿ ಸಹಾಯಕರಿಂದ ಬರೆಸುತ್ತಿದ್ದ. ಕೈಗಳಿಗೆ ಕೂಲಿಗೆ ಬರುವ ಬೇರೆ ಜನರೇ ಇರುತ್ತಿದ್ದರು.

ಒಂದು ಗಂಟೆಯ ಬೈಠಕ್ ಸಿಕ್ಕರೆ ಹೀಗೆ ಹಂಚಿಕೊಳ್ಳಿ. ಮೊದಲ 10 ನಿಮಿಷ ಇದ್ದಿಲಿನಲ್ಲಿ ತಲೆಯ ಓರೆ, ಕಣ್ಣಿನ ಗೆರೆ, ಮೂಗಿನ ತುದಿ, ಗಲ್ಲ, ಇಷ್ಟರ ಜಾಗ. ಮುಂದಿನ 15 ನಿಮಿಷ ತೆಳುವಾದ ಅಂಬರ್ (ಮಣ್ಣಿನ ಕಂದು) ಬಣ್ಣದಲ್ಲಿ ನೆರಳಿನ ಭಾಗವನ್ನೆಲ್ಲ ಒಂದೇ ಗುಂಪಾಗಿ ತುಂಬಿ. ಉಳಿದ ಹೊತ್ತಿಗೆ ಮೈಬಣ್ಣದ ಮೂರೇ ಮಿಶ್ರಣ: ಬೆಳಕಿನದು, ನಡುವಿನದು, ನೆರಳಿನದು. ಇವನ್ನು ದೊರೆ ಬರುವ ಮೊದಲೇ ಪ್ಯಾಲೆಟ್ಟಿನ ಮೇಲೆ ಕಲಸಿಟ್ಟಿರಬೇಕು. ಎದುರಿಗೆ ಕೂರಿಸಿಕೊಂಡು ಬಣ್ಣ ಕಲಸುತ್ತ ನಿಂತರೆ ಅವರ ಮುಖದಲ್ಲಿ ಬೇಸರ ಇಳಿಯುತ್ತದೆ, ಆ ಬೇಸರವೇ ಕ್ಯಾನ್ವಾಸಿಗೂ ಬರುತ್ತದೆ. ಎಷ್ಟೋ ರಾಜಭಾವಚಿತ್ರಗಳ ಗಂಭೀರ ಮುಖದ ಗುಟ್ಟು ಇಷ್ಟೇ ಇದ್ದೀತು!

ಬೆಳಕು ಯಾವ ಕಡೆಯಿಂದ ಬರಬೇಕು?

ಒಂದೇ ಕಿಟಕಿಯಿಂದ, ಸುಮಾರು 45 ಡಿಗ್ರಿ ಮೇಲಿನಿಂದ, ಬರೆಯುವವರ ಎಡಗಡೆಯಿಂದ. ಎಡಗಡೆ ಏಕೆಂದರೆ ಬಲಗೈಯಲ್ಲಿ ಬರೆಯುವಾಗ ಕೈಯ ನೆರಳು ಕೆಲಸದ ಮೇಲೆ ಬೀಳುವುದಿಲ್ಲ. ನಮ್ಮಲ್ಲಿ ಉತ್ತರದ ಕಿಟಕಿ ಒಳ್ಳೆಯದು, ನೇರ ಬಿಸಿಲು ತೀರ ಕಡಿಮೆ. ಎರಡು ಕಡೆ ಕಿಟಕಿಯಿದ್ದರೆ ಒಂದಕ್ಕೆ ದಪ್ಪ ಪರದೆ ಹಾಕಿ. ಎರಡು ಬೆಳಕಿನಲ್ಲಿ ಮೂಗಿಗೆ ಎರಡು ನೆರಳು ಬಿದ್ದು ಮುಖದ ಗಟ್ಟಿತನ ಹೋಗುತ್ತದೆ.

ಕ್ಯಾನ್ವಾಸ್ ಎಷ್ಟು ದೊಡ್ಡದಿರಬೇಕು?

ಇಂಗ್ಲೆಂಡಿನ ಭಾವಚಿತ್ರಕಾರರು ಬಳಸುತ್ತಿದ್ದ ಅಳತೆಗಳು ಇಂದಿಗೂ ಅನುಕೂಲವೇ: ತಲೆ ಮತ್ತು ಎದೆಗೆ 30×25 ಇಂಚು, ಒಂದು ಕೈಯೂ ಸೇರಿದರೆ 36×28, ಮೊಣಕಾಲವರೆಗೆ 50×40, ಪೂರ್ಣ ನಿಲುವಿಗೆ 94×58. ಅರಮನೆಯ ಚಿತ್ರ ಇದಕ್ಕಿಂತ ದೊಡ್ಡದೂ ಇರುತ್ತದೆ. ಫ್ರೆಂಚ್ ಚಿತ್ರಕಾರ ರಿಗೋ 1701ರಲ್ಲಿ ಬರೆದ ದೊರೆ ಹದಿನಾಲ್ಕನೇ ಲೂಯಿಯ ಚಿತ್ರದ ಎತ್ತರ 277 ಸೆಂ.ಮೀ.

ಅಳತೆಗಿಂತ ದೊಡ್ಡ ವಿಷಯ ದಿಗಂತದ ಗೆರೆ. ದರ್ಬಾರಿನ ಚಿತ್ರವನ್ನು ಎತ್ತರದಲ್ಲಿ ನೇತುಹಾಕುತ್ತಾರೆ, ನೋಡುವವರ ಕಣ್ಣು ದೊರೆಯ ಸೊಂಟದ ಮಟ್ಟದಲ್ಲೋ ಇನ್ನೂ ಕೆಳಗೋ ಇರುತ್ತದೆ. ಆದ್ದರಿಂದ ದಿಗಂತವನ್ನು ಸೊಂಟಕ್ಕಿಂತ ಕೆಳಗೆ ಇಳಿಸಿ. ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ಕುಳ್ಳ. ವಾನ್ ಡೈಕ್ ಅವನನ್ನು ಕೆಳಗಿನಿಂದ ನೋಡಿದಂತೆ ಬರೆದ, ಇಲ್ಲವೇ ಕುದುರೆ ಹತ್ತಿಸಿದ. ಇದರಲ್ಲಿ ಕೆಡುವುದು ಒಂದೇ: ದಿಗಂತ ಕೆಳಗಿಟ್ಟು ನೆಲಹಾಸನ್ನು ಮೇಲಿನಿಂದ ನೋಡಿದಂತೆ ಬರೆದರೆ ದೊರೆ ಜಾರುಬಂಡೆಯ ಮೇಲೆ ನಿಂತಂತೆ ಕಾಣುತ್ತಾನೆ. ಜಮಖಾನೆಯ ಗೆರೆಗಳು, ಕುರ್ಚಿಯ ಅಂಚು, ಕಂಬದ ಪೀಠ, ಎಲ್ಲಕ್ಕೂ ಅದೇ ದಿಗಂತ ಇರಲಿ.

ಚಿಕ್ಕ ಕರಡನ್ನು ದೊಡ್ಡದು ಮಾಡಲು ಚೌಕುಳಿ ಹಾಕುವ ಹಳೆಯ ದಾರಿಯೇ ಸಾಕು. ಸುಮಾರು 16×10 ಇಂಚಿನ ಕರಡಿನ ಮೇಲೆ 1 ಇಂಚಿನ ಚೌಕ, 94×58ರ ಕ್ಯಾನ್ವಾಸಿನ ಮೇಲೆ 6 ಇಂಚಿನ ಚೌಕ. ಮುಖದ ಭಾಗಕ್ಕೆ ಮಾತ್ರ ಪ್ರತಿ ಚೌಕವನ್ನು ಮತ್ತೆ ನಾಲ್ಕು ಮಾಡಿಕೊಳ್ಳಿ.

ಕ್ಯಾನ್ವಾಸನ್ನು ಸಿದ್ಧ ಮಾಡುವುದು ಹೇಗೆ? ಮಳೆಗಾಲದಲ್ಲಿ ಸಡಿಲವಾಗುತ್ತದಲ್ಲ?

ಬರೀ ಬಟ್ಟೆಯ ಮೇಲೆ ಎಣ್ಣೆಬಣ್ಣ ಹಾಕಬಾರದು. ಎಣ್ಣೆ ನಾರಿಗೆ ಇಳಿದರೆ ಕೆಲವೇ ದಶಕಗಳಲ್ಲಿ ಬಟ್ಟೆ ಹಪ್ಪಳದಂತೆ ಪುಡಿಯಾಗುತ್ತದೆ. ಹಳಬರು ಇದಕ್ಕೆ ಚರ್ಮದ ಅಂಟು ಬಳಿಯುತ್ತಿದ್ದರು. 1 ಲೀಟರ್ ನೀರಿಗೆ ಸುಮಾರು 70 ಗ್ರಾಂ ಅಂಟು, ರಾತ್ರಿಯಿಡೀ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು. ಕುದಿಸಿದರೆ ಅಂಟಿನ ಹಿಡಿತ ಹೋಗುತ್ತದೆ. ಆಮೇಲೆ ಸಫೇದದ (ಸೀಸದ ಬಿಳಿಯ) ಎಣ್ಣೆಬಣ್ಣದ ಎರಡು ತೆಳು ಲೇಪ, ಪ್ರತಿಯೊಂದೂ ಒಣಗಲು ವಾರಗಳು.

ಮಂಗಳೂರು, ಕೊಚ್ಚಿ, ತಿರುವನಂತಪುರದಂಥ ಕರಾವಳಿಯಲ್ಲಿ ಈ ಅಂಟನ್ನು ಶಿಫಾರಸು ಮಾಡುವುದಿಲ್ಲ. ಗಾಳಿಯ ತೇವ ಶೇ. 80 ದಾಟಿದರೆ ಅಂಟು ಮೆತ್ತಗಾಗಿ ಹಿಡಿತ ಬಿಡುತ್ತದೆ, ಬಟ್ಟೆಯ ನೂಲು ಉಬ್ಬಿ ನೇಯ್ಗೆ ಕುಗ್ಗುತ್ತದೆ, ಬೇಸಿಗೆಯಲ್ಲಿ ಅಂಟು ಮತ್ತೆ ಬಿಗಿಯುತ್ತದೆ. ಹೀಗೆ ವರ್ಷವರ್ಷ ಎಳೆದಾಡಿದ ಬಣ್ಣ ಬಿರುಕು ಬಿಡದೆ ಏನು ಮಾಡೀತು? ಜೊತೆಗೆ ಅಂಟು ಬೂಷ್ಟಿಗೆ ಒಳ್ಳೆಯ ಊಟ. ಅಂಥ ಊರುಗಳಲ್ಲಿ ಅಕ್ರಿಲಿಕ್ ಗೆಸ್ಸೋ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ) ಮೂರು ತೆಳು ಲೇಪ ಹಾಕಿ, ನಡುನಡುವೆ ನಯವಾದ ಉಜ್ಜುಕಾಗದದಿಂದ ಉಜ್ಜಿ. ಕೊನೆಯ ಲೇಪದ ಮೇಲೆ ಮೂರು ದಿನವಾದರೂ ಬಿಡಿ.

ಸಡಿಲವಾದ ಕ್ಯಾನ್ವಾಸಿಗೆ ಹಿಂದಿನಿಂದ ನೀರು ಚಿಮುಕಿಸಿ ಬಿಗಿ ಮಾಡುವ ಅಭ್ಯಾಸ ಬಿಡಿ. ಚೌಕಟ್ಟಿನ ಮೂಲೆಯ ಮರದ ಬೆಣೆಗಳನ್ನು ಹಗುರಾಗಿ ಬಡಿದು ಬಿಗಿ ಮಾಡಿ. ಗೋಡೆಗೆ ತೂಗುವಾಗ ಹಿಂದೆ ಒಂದು ಇಂಚು ಗಾಳಿಯಾಡಲು ಜಾಗ ಬಿಡಿ.

ನೆಲಬಣ್ಣ (ಚಿತ್ರದ ಅಡಿಗೆ ಮೊದಲು ಬಳಿಯುವ ಬಣ್ಣ) ಬಿಳಿಯೇ ಇರಲಿ ಎಂದರೆ ತಪ್ಪೇ?

ತಪ್ಪಲ್ಲ, ನಿಧಾನ. ಬಿಳಿಯ ಮೇಲೆ ಎಲ್ಲ ಬಣ್ಣವೂ ಕಪ್ಪಾಗಿ ಕಾಣುತ್ತದೆ, ನೀವು ಬೆಚ್ಚಿ ಎಲ್ಲವನ್ನೂ ತಿಳಿ ಮಾಡುತ್ತೀರಿ. ರಾ ಅಂಬರ್‌ಗೆ ಸ್ವಲ್ಪ ಬಿಳಿ ಸೇರಿಸಿದ ಮಧ್ಯಮ ಬೂದುಗಂದು ನೆಲವಿದ್ದರೆ ನೆರಳಿಗೂ ಬೆಳಕಿಗೂ ಎರಡು ಕಡೆ ಹೆಜ್ಜೆ ಇಡಬಹುದು. ನೆಲವನ್ನೇ ನಡುಬಣ್ಣವಾಗಿ ಹಾಗೆಯೇ ಬಿಟ್ಟರೆ ಅರ್ಧ ಕೆಲಸ ಉಳಿಯುತ್ತದೆ.

ಪದರಗಳ ಕ್ರಮ ಯಾವುದು? ಚಿತ್ರ ಬಿರುಕು ಬಿಡುವುದು ಏಕೆ?

ಎಣ್ಣೆಬಣ್ಣ ನೀರು ಆರಿದಂತೆ ಆರುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ಒಣಗುವಾಗ ಮೊದಲು ಅದರ ತೂಕ ಹೆಚ್ಚುತ್ತದೆ. ಎಣ್ಣೆ ಹೆಚ್ಚಿದ್ದಷ್ಟು ಪದರ ನಿಧಾನವಾಗಿ ಒಣಗುತ್ತದೆ, ಆದರೆ ಬಳುಕುತ್ತದೆ. ಎಣ್ಣೆ ಕಡಿಮೆಯಿದ್ದದ್ದು ಬೇಗ ಒಣಗಿ ಬಿರುಸಾಗುತ್ತದೆ. ಮೇಲಿನ ಪದರ ಬೇಗ ಗಟ್ಟಿಯಾಗಿ ಕೆಳಗಿನದು ಇನ್ನೂ ಅಲುಗುತ್ತಿದ್ದರೆ ಬಿರುಕು ಖಚಿತ. ಅದಕ್ಕೇ ಕೆಳಗೆ ಎಣ್ಣೆ ಕಡಿಮೆ, ಮೇಲೆ ಹೋದಂತೆ ಎಣ್ಣೆ ಹೆಚ್ಚು.

ಮೊದಲ ಪದರ ಅಂಬರ್ ಬಣ್ಣದ ನೆರಳು-ಬೆಳಕಿನ ನಕ್ಷೆ. ಟ್ಯೂಬಿನ ಬಣ್ಣಕ್ಕೆ ಸ್ವಲ್ಪ ಟರ್ಪೆಂಟೈನ್ ಮಾತ್ರ. ಟರ್ಪೆಂಟೈನ್ ಸುರಿದರೆ ಬಣ್ಣದ ಪುಡಿಯನ್ನು ಹಿಡಿಯಲು ಎಣ್ಣೆ ಸಾಲದೆ ಒಣಗಿದ ಮೇಲೆ ಬೆರಳಿಗೆ ಸೀಮೆಸುಣ್ಣದಂತೆ ಹತ್ತುತ್ತದೆ. ಎರಡನೆಯದು ಮುಖ್ಯ ಬಣ್ಣಗಳ ಮಂದ ಪದರ, ಯಾವುದನ್ನೂ ಪೂರ್ತಿ ಬೆಳಗಿಸದೆ. ಇದಕ್ಕೆ 1 ಪಾಲು ಎಣ್ಣೆಗೆ 3 ಪಾಲು ಟರ್ಪೆಂಟೈನ್. ಮೂರನೆಯದರಲ್ಲಿ ಮುಖ, ಕೈ, ಬಟ್ಟೆಯ ನಿಜವಾದ ಕೆಲಸ. 1 ಪಾಲಿಗೆ 1 ಪಾಲು. ಕೊನೆಗೆ ಪಾರದರ್ಶಕ ಪದರಗಳು, ಅವಕ್ಕೆ ಸ್ಟ್ಯಾಂಡ್ ಆಯಿಲ್ (ಕಾಯಿಸಿ ದಪ್ಪ ಮಾಡಿದ ಅಗಸೆ ಎಣ್ಣೆ) ಒಳ್ಳೆಯದು. ಯಾವ ಪದರದಲ್ಲೂ ಬಣ್ಣದ ಐದನೇ ಒಂದು ಭಾಗಕ್ಕಿಂತ ಹೆಚ್ಚು ದ್ರವ ಬೇಡ. ಹೆಚ್ಚಾದರೆ ಮೇಲ್ಮೈ ಸುಕ್ಕುಗಟ್ಟುತ್ತದೆ, ಹಳದಿಯಾಗುತ್ತದೆ.

ಬಣ್ಣಗಳೂ ಒಂದೇ ವೇಗದವಲ್ಲ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಒಂದೆರಡು ದಿನಕ್ಕೇ ಒಣಗುತ್ತದೆ. ಐವರಿ ಬ್ಲ್ಯಾಕ್, ಅಲಿಜರಿನ್ ಕ್ರಿಮ್ಸನ್ ಎಂಬ ಕೆಂಪು ವಾರಕ್ಕೂ ಮೀರಿ ಸತಾಯಿಸುತ್ತವೆ. ದೊರೆಯ ಕಪ್ಪು ಶೆರ್ವಾನಿಗೆ ಶುದ್ಧ ಐವರಿ ಬ್ಲ್ಯಾಕ್ ದಪ್ಪಗೆ ಬಳಿದು, ಮೂರನೇ ದಿನ ಅದರ ಮೇಲೆ ಜರಿ ಬರೆಯುವವರ ಚಿತ್ರ ಬಿರುಕು ಬಿಡುವುದು ಇದೇ ಕಾರಣಕ್ಕೆ. ಕಪ್ಪಿಗೆ ಬರ್ನ್ಟ್ ಅಂಬರ್ ಅರ್ಧದಷ್ಟು ಸೇರಿಸಿ. ಬೇಗ ಒಣಗುತ್ತದೆ, ಕಪ್ಪು ಸತ್ತಂತೆಯೂ ಕಾಣುವುದಿಲ್ಲ.

ಒಣಗಿದ ಮೇಲೆ ಅಲ್ಲಲ್ಲಿ ಮಂಕಾದ ಮಚ್ಚೆ ಕಂಡರೆ ಹೆದರಬೇಡಿ. ಕೆಳಗಿನ ಪದರ ಎಣ್ಣೆ ಹೀರಿದೆ ಅಷ್ಟೇ. ಆ ಜಾಗಕ್ಕೆ ಎಣ್ಣೆಯ ತೆಳು ಪಸೆ ಸವರಿ, ಒಣ ಬಟ್ಟೆಯಿಂದ ಒರೆಸಿ ತೆಗೆದು, ಆಮೇಲೆ ಬಣ್ಣ ಮುಂದುವರಿಸಿ.

ಪುಸ್ತಕಗಳಲ್ಲಿ ಮೈಬಣ್ಣವೆಂದರೆ ಗುಲಾಬಿ. ನಮ್ಮ ಮೈಬಣ್ಣಕ್ಕೆ ಏನು ಮಾಡಬೇಕು?

ಬಿಳಿಗೆ ವರ್ಮಿಲಿಯನ್ ಕೆಂಪು ಸೇರಿಸುವ ಯುರೋಪಿನ ಸೂತ್ರಕ್ಕೆ ಕಂದು ಸುರಿದರೆ ಬರುವುದು ಮಣ್ಣಿನ ಗೊಂಬೆ. ಕಂದಿನಿಂದಲೇ ಹೊರಡಿ. ಯೆಲ್ಲೋ ಓಕರ್ (ಮಣ್ಣಿನ ಹಳದಿ) 2 ಪಾಲು, ಬರ್ನ್ಟ್ ಸಿಯೆನಾ (ಕೆಂಗಂದು) 2 ಪಾಲು, ಬಿಳಿ 1 ಪಾಲು: ಗೋಧಿ ಬಣ್ಣದ ಮೈಗೆ ಇದು ನಡುಬಣ್ಣ. ಇನ್ನೂ ಕಪ್ಪಗಿದ್ದರೆ ಬಿಳಿ ಕಡಿಮೆ ಮಾಡಿ ಬರ್ನ್ಟ್ ಅಂಬರ್ ಸೇರಿಸಿ. ನೆರಳಿಗೆ ಕಪ್ಪು ಬೇಡ, ಬರ್ನ್ಟ್ ಸಿಯೆನಾಕ್ಕೆ ಚೂರು ಅಲ್ಟ್ರಾಮರೀನ್ ನೀಲಿ. ಮೂಗಿನ ತುದಿ, ಕಿವಿ, ಬೆರಳ ಗೆಣ್ಣುಗಳಲ್ಲಿ ಕೆಂಪು ಜಾಸ್ತಿ. ಗಡ್ಡ ಬೋಳಿಸಿದ ಗಲ್ಲ, ಕಣ್ಣಿನ ಕೆಳಗೆ ಹಸಿರುಬೂದು. ಕಪ್ಪು ಮೈಯ ಮೇಲಿನ ಮಿಂಚುಬೆಳಕು ಕಿಟಕಿಯ ಆಕಾಶದ ಬಣ್ಣ, ಅಂದರೆ ತುಸು ನೀಲಿ ಬೆರೆತ ಬೂದು. ಅಲ್ಲಿ ಹಳದಿ ಬಿಳಿ ಇಟ್ಟರೆ ಬೆವರಿದಂತೆ ಕಾಣುತ್ತದೆ. ಬಾದಾಮಿ ಮೈಬಣ್ಣದ ಮೇಲೆ ಬೂದು, ಹಸಿರು ಛಾಯೆಗಳನ್ನು ಹೇಗೆ ತೆಳುವಾಗಿ ಎಳೆಯಬಹುದು ಎಂದು ನೋಡಲು ರವಿವರ್ಮನ ಮೂಲಚಿತ್ರಗಳಿಗಿಂತ ಒಳ್ಳೆಯ ಪಾಠವಿಲ್ಲ. ಅಚ್ಚುಹಾಕಿದ ಪ್ರತಿಗಳಲ್ಲಿ ಅದು ಕಾಣುವುದಿಲ್ಲ.

ಜರಿ, ಸಿಂಹಾಸನ, ಒಡವೆಗೆ ಚಿನ್ನದ ರೇಕು ಅಥವಾ ಗೋಲ್ಡ್ ಪೇಂಟ್ ಹಚ್ಚಬಹುದೇ?

ಮೈಸೂರು ಸಾಂಪ್ರದಾಯಿಕ ಚಿತ್ರದ ಲೆಕ್ಕವೇ ಬೇರೆ. ಅಲ್ಲಿ ಮಕ್ಕಿ (ಮರದ ಅಂಟಿನ ಹಳದಿ), ಸಫೇದ, ಅಂಟು ಸೇರಿಸಿದ ಗೆಸ್ಸೋವನ್ನು ಉಬ್ಬಿಸಿ ಎಳೆದು ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಆ ಚಿತ್ರದೊಳಗೆ ಬೆಳಕಿಗೆ ಒಂದು ಗೊತ್ತಾದ ದಿಕ್ಕಿಲ್ಲ, ಚಿನ್ನವೇ ಬೆಳಕು. ತೈಲಭಾವಚಿತ್ರದಲ್ಲಿ ಬೆಳಕು ಕಿಟಕಿಯಿಂದ ಬರುತ್ತದೆ. ನಿಜವಾದ ರೇಕು ಹಚ್ಚಿದರೆ ಅದು ಕೋಣೆಯ ಬಲ್ಬನ್ನು ಪ್ರತಿಫಲಿಸುತ್ತದೆ, ಚಿತ್ರದೊಳಗಿನ ಕಿಟಕಿಯನ್ನಲ್ಲ. ನೆರಳಿನಲ್ಲಿರಬೇಕಾದ ಸರ ಫಳಫಳ ಹೊಳೆದು ಎದೆಯಿಂದ ಕಳಚಿ ಮುಂದೆ ತೇಲುತ್ತದೆ. ಅಂಗಡಿಯ ಗೋಲ್ಡ್ ಪೇಂಟ್ ಬಹುಪಾಲು ಹಿತ್ತಾಳೆಯ ಪುಡಿ. ಕಾಲ ಕಳೆದಂತೆ ಕಂದಿ ಹಸಿರಾಗುತ್ತದೆ.

ಚಿನ್ನವನ್ನು ಮಣ್ಣಿನ ಬಣ್ಣದಲ್ಲೇ ಬರೆಯಬೇಕು. ನೆರಳಿಗೆ ರಾ ಅಂಬರ್, ನಡುವೆ ಯೆಲ್ಲೋ ಓಕರ್, ಪ್ರತಿಫಲನಕ್ಕೆ ಚೂರು ಬರ್ನ್ಟ್ ಸಿಯೆನಾ, ಬೆಳಕಿಗೆ ನೇಪಲ್ಸ್ ಯೆಲ್ಲೋ, ಕೊನೆಗೆ ಒಂದೆರಡು ಕಡೆ ಮಾತ್ರ ಬಿಳಿಗೆ ಹಳದಿ ಬೆರೆತ ದಪ್ಪ ಚುಕ್ಕೆ. ಚಿನ್ನ ಹೊಳೆಯುವುದು ಹಳದಿಯಿಂದಲ್ಲ, ಕಡುಗಂದಿನ ಪಕ್ಕದಲ್ಲೇ ತೀರ ತಿಳಿ ಬಣ್ಣ ಇರುವುದರಿಂದ.

ಜರಿಯ ಕಸೂತಿಯಲ್ಲಿ ಹೊಸಬರು ಮಾಡುವ ತಪ್ಪು ಪ್ರತಿ ಬಳ್ಳಿಯನ್ನೂ ಎಣಿಸಿ ಬರೆಯುವುದು. ಬಟ್ಟೆಯ ನೆರಿಗೆಯನ್ನು ಮೊದಲು ಕಸೂತಿಯೇ ಇಲ್ಲದಂತೆ ಮುಗಿಸಿ, ಒಣಗಿಸಿ. ಆಮೇಲೆ ವಿನ್ಯಾಸವನ್ನು ಓಕರ್‌ನಲ್ಲಿ ತೆಳುವಾಗಿ, ನೆರಿಗೆಯ ಜೊತೆ ಬಾಗಿಸಿ, ಒಳಸರಿದ ಕಡೆ ಕತ್ತರಿಸಿ ಎಳೆಯಿರಿ. ಬೆಳಕು ಬಿದ್ದ ಕಡೆ ಮಾತ್ರ ಗಟ್ಟಿ ಬಣ್ಣವನ್ನು ಬಿರುಸು ಕುಂಚದಿಂದ ತುಂಡುತುಂಡಾಗಿ ಇಡಿ. ವೆಲಾಸ್ಕೆಸ್ ಬರೆದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಕಂದು-ಬೆಳ್ಳಿ ಉಡುಪಿನ ಫಿಲಿಪ್ಪನ ಚಿತ್ರವನ್ನು ಹತ್ತಿರದಿಂದ ನೋಡಿದರೆ ತೋಳಿನ ಮೇಲೆ ಬರೀ ಗೀರು, ಚುಕ್ಕೆ, ಮೆತ್ತಿದ ಗುರುತು. ದೂರ ಸರಿದರೆ ಬೆಳ್ಳಿಯ ಕಸೂತಿ. ಅವನು ಉದ್ದ ಹಿಡಿಯ ಕುಂಚಗಳನ್ನು ಬಳಸುತ್ತಿದ್ದ ಎಂಬ ಹಳೆಯ ದಾಖಲೆ ಸುಮ್ಮನೆ ಬಂದದ್ದಲ್ಲ.

ಮುತ್ತು, ವಜ್ರ, ಕೆಂಪುಕಲ್ಲು, ಪಚ್ಚೆ ಬರೆಯುವುದು ಹೇಗೆ?

ಮುತ್ತು ಬಿಳಿಯಲ್ಲ, ಬೂದು. ಬೂದು ದುಂಡನೆಯ ಚುಕ್ಕೆ, ಬೆಳಕಿನ ಎದುರು ಬದಿಗೆ ಸ್ವಲ್ಪ ಒಳಗೆ ಕಡುಬೂದು, ಅಂಚಿಗೆ ಮೈಬಣ್ಣದ ಅಥವಾ ಬಟ್ಟೆಯ ಪ್ರತಿಫಲನ, ಮೇಲೊಂದು ಗಟ್ಟಿ ಬಿಳಿ. ಸರದ ಎಲ್ಲ ಮುತ್ತಿಗೂ ಒಂದೇ ಜಾಗದಲ್ಲಿ, ಒಂದೇ ಗಾತ್ರದ ಬಿಳಿ ಇಟ್ಟರೆ ಅದು ಪ್ಲಾಸ್ಟಿಕ್ ಮಣಿ. ನೆರಳಿನಲ್ಲಿರುವ ಮುತ್ತುಗಳಿಗೆ ಬಿಳಿ ಇಡಲೇಬೇಡಿ.

ವಜ್ರಕ್ಕೆ ಮೊದಲು ಕಪ್ಪು. ಮುಖಗಳಲ್ಲಿ ಹೆಚ್ಚಿನವು ಕಡುಬೂದು, ಒಂದೆರಡು ಮಾತ್ರ ಶುದ್ಧ ಬಿಳಿ.

ಕೆಂಪು, ಪಚ್ಚೆಯಂಥ ಪಾರದರ್ಶಕ ಕಲ್ಲಿನಲ್ಲಿ ಬೆಳಕು ಒಳಹೊಕ್ಕು ಎದುರು ಬದಿಯಲ್ಲಿ ಹೊರಬರುತ್ತದೆ. ಮೇಲಿನ ಎಡಕ್ಕೆ ಬಿಳಿ ಚುಕ್ಕೆಯಿದ್ದರೆ ಕಲ್ಲು ಒಳಗಿನಿಂದ ಉರಿಯುವುದು ಕೆಳಗಿನ ಬಲಕ್ಕೆ. ತಿಳಿಬೂದಿನಲ್ಲಿ ಕಲ್ಲಿನ ಆಕಾರ ಬರೆದು, ಉರಿಯುವ ಕಡೆ ಇನ್ನೂ ತಿಳಿ ಮಾಡಿ, ಪೂರ್ತಿ ಒಣಗಿದ ಮೇಲೆ ಕೆಂಪುಕಲ್ಲಿಗೆ ಕೆಂಪು ಲೇಕ್ (ಪಾರದರ್ಶಕ ಬಣ್ಣ), ಪಚ್ಚೆಗೆ ವಿರಿಡಿಯನ್ ಹಸಿರು ಪಾರದರ್ಶಕವಾಗಿ ಸವರಿ. ಹಸಿಯಿರುವಾಗ ಸವರಿದರೆ ಎರಡೂ ಬೆರೆತು ಕೆಸರು.

ಮಖಮಲ್ಲಿಗೂ ರೇಷ್ಮೆಗೂ ಬಣ್ಣದಲ್ಲಿ ಹೇಗೆ ವ್ಯತ್ಯಾಸ ತೋರಿಸುವುದು?

ರೇಷ್ಮೆಯಲ್ಲಿ ಉಬ್ಬಿದ ಕಡೆ ಬೆಳಕು, ಅಂಚು ಚೂಪು. ಮಖಮಲ್ಲಿನಲ್ಲಿ ಇದು ತಲೆಕೆಳಗು: ನಿಂತ ಕೂದಲು ಬೆಳಕನ್ನು ನುಂಗುವುದರಿಂದ ನಮಗೆದುರಾದ ಭಾಗ ಕಪ್ಪು, ಬಾಗಿ ಸರಿದ ಅಂಚಿನಲ್ಲಿ ಹೊಳಪು. ಆ ಹೊಳಪನ್ನು ಒಣ ಕುಂಚದಿಂದ ಮೆದುವಾಗಿ ಎಳೆಯಿರಿ.

ಫೋಟೋ ನೋಡಿ ಬರೆದರೆ ಮೋಸವೇ?

ಅಲ್ಲ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ದಸರಾ ಮೆರವಣಿಗೆಯ ತೈಲಚಿತ್ರಗಳೇ ಫೋಟೋಗಳನ್ನು ಆಧರಿಸಿದವು. ರವಿವರ್ಮನೂ ಫೋಟೋ ಬಳಸಿದ್ದುಂಟು. ಆದರೆ ಫೋಟೋ ಎರಡು ಸುಳ್ಳು ಹೇಳುತ್ತದೆ. ನೆರಳನ್ನೆಲ್ಲ ಒಂದೇ ಕಪ್ಪು ಮಾಡುತ್ತದೆ, ಹತ್ತಿರದಿಂದ ತೆಗೆದಿದ್ದರೆ ಮೂಗನ್ನು ಹಿಗ್ಗಿಸಿ ಕಿವಿಯನ್ನು ಹಿಂದೆ ತಳ್ಳುತ್ತದೆ. ನೀವೇ ತೆಗೆಯುವುದಾದರೆ ಎರಡೂವರೆ-ಮೂರು ಮೀಟರ್ ದೂರ ನಿಂತು, ಫ್ಲ್ಯಾಶ್ ಇಲ್ಲದೆ, ಅದೇ ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ಹಳೆಯ ಕಪ್ಪು-ಬಿಳಿ ಫೋಟೋಗಳಲ್ಲಿ ಕೆಂಪು ಬಟ್ಟೆ ಕಪ್ಪಾಗಿ, ನೀಲಿ ಬೆಳ್ಳಗೆ ಬಂದಿರುತ್ತದೆ. ಆ ಕಾಲದ ಫಲಕಗಳಿಗೆ ನೀಲಿಯ ಮೇಲೆ ಮೋಹ ಹೆಚ್ಚು. ಉಡುಪಿನ ಬಣ್ಣವನ್ನು ಫೋಟೋದಿಂದ ಊಹಿಸಬೇಡಿ.

ಬಟ್ಟೆಯನ್ನು ಶಿಷ್ಯರು ಬರೆದರೆ, ಪ್ರತಿಗಳನ್ನು ಬೇರೆಯವರು ಮಾಡಿದರೆ, ಅದು ಗುರುವಿನ ಚಿತ್ರವೇ?

ಆಗಿನವರಿಗೆ ಹೌದು. ರಿಗೋ ಯಾವ ಸಹಾಯಕನಿಗೆ ಯಾವ ಕೆಲಸಕ್ಕೆ ಎಷ್ಟು ಕೊಟ್ಟೆ ಎಂದು ಲೆಕ್ಕದ ಪುಸ್ತಕ ಇಟ್ಟಿದ್ದ. ಅಲನ್ ರ‍್ಯಾಮ್ಸೆ ಬರೆದ ಇಂಗ್ಲೆಂಡಿನ ದೊರೆ ಮೂರನೇ ಜಾರ್ಜನ ಪಟ್ಟಾಭಿಷೇಕದ ಚಿತ್ರಕ್ಕೆ ಅವನ ಕಾರ್ಯಾಗಾರದಲ್ಲಿ ನೂರಕ್ಕೂ ಹೆಚ್ಚು ಪ್ರತಿಗಳಾದವು. ರಾಯಭಾರಿಗಳಿಗೂ ಗವರ್ನರುಗಳಿಗೂ ದೊರೆಯ ಮುಖ ಬೇಕಿತ್ತು. ಗುರುತಿಸುವುದು ಹೇಗೆಂದರೆ, ಮೂಲದಲ್ಲಿ ತಿದ್ದುಪಡಿ ಇರುತ್ತದೆ, ಪ್ರತಿಯಲ್ಲಿ ಇರುವುದಿಲ್ಲ. ವೆಲಾಸ್ಕೆಸ್‌ನ ಕಪ್ಪು ಉಡುಪಿನ ಯುವಕ ಫಿಲಿಪ್ಪನ ಚಿತ್ರದಲ್ಲಿ ಮೊದಲು ಬರೆದ ಕಾಲುಗಳ ನಿಲುವು ಬಣ್ಣದಡಿಯಿಂದ ಇಂದಿಗೂ ಇಣುಕುತ್ತದೆ. ಎಣ್ಣೆಬಣ್ಣ ವಯಸ್ಸಾದಂತೆ ಪಾರದರ್ಶಕವಾಗುತ್ತದಲ್ಲ.

ಕೆಲವು ಹಳೆಯ ರಾಜಭಾವಚಿತ್ರಗಳಲ್ಲಿ ಮುಖ ಹೆಣದಂತೆ ಬಿಳಿಚಿರುತ್ತದೆ ಏಕೆ?

ಕೆನ್ನೆಯ ಕೆಂಪಿಗೆ ಬಳಸಿದ ಲೇಕ್ ಬಣ್ಣ ಬೆಳಕಿಗೆ ಹಾರಿಹೋಗಿದೆ. ಇಂಗ್ಲಿಷ್ ಚಿತ್ರಕಾರ ರೆನಾಲ್ಡ್ಸ್‌ನ ಚಿತ್ರಗಳಿಗೆ ಅವನು ಬದುಕಿದ್ದಾಗಲೇ ಈ ಗತಿ ಬಂತು. ಅವನು ಬಳಸಿದ ಬಿಟುಮೆನ್ (ಡಾಂಬರಿನಂಥ ಕಂದು) ಎಂದೂ ಪೂರ್ತಿ ಒಣಗದೆ ಮೊಸಳೆ ಚರ್ಮದಂಥ ಬಿರುಕನ್ನೂ ತಂದಿತು. ಸ್ಮಾಲ್ಟ್ ಎಂಬ ಅಗ್ಗದ ನೀಲಿ ಕೋಬಾಲ್ಟ್ ಬೆರೆತ ಗಾಜಿನ ಪುಡಿ. ಅದರ ಪೊಟ್ಯಾಷಿಯಂ ಎಣ್ಣೆಗೆ ಇಳಿದಂತೆ ನೀಲಿ ಬೂದಾಗುತ್ತದೆ. ಇಂದು ಕೆನ್ನೆಗೆ ಕ್ವಿನಾಕ್ರಿಡೋನ್ ಕೆಂಪು ಬಳಸಿ, ಅಲಿಜರಿನ್ ಕೂಡ ತೆಳುವಾಗಿ ಸವರಿದಾಗ ಹಾರುತ್ತದೆ. ಬಿಳಿಗೆ ಟೈಟೇನಿಯಂ ಸಾಕು. ಶುದ್ಧ ಜಿಂಕ್ ಬಿಳಿ ಬೇಡ, ಅದು ವರ್ಷ ಕಳೆದಂತೆ ಗಾಜಿನಂತೆ ಪೆಡಸಾಗಿ ಸಿಡಿಯುತ್ತದೆ.

ವಾರ್ನಿಷ್ ಯಾವಾಗ ಹಾಕಬೇಕು?

ತೆಳು ಚಿತ್ರಕ್ಕೆ ಆರು ತಿಂಗಳು, ದಪ್ಪ ಬಣ್ಣಕ್ಕೆ ಒಂದು ವರ್ಷ. ಮಳೆಯ ದಿನ ಹಾಕಿದರೆ ಒಳಗೆ ತೇವ ಸಿಕ್ಕಿ ಹಾಲಿನ ಪೊರೆ ಬರುತ್ತದೆ. ಬೇಗ ಚಿತ್ರ ಒಪ್ಪಿಸಲೇಬೇಕಾದರೆ ತೆಳುವಾದ, ತಾತ್ಕಾಲಿಕ ರಿಟಚ್ ವಾರ್ನಿಷ್ ಮಾತ್ರ ಹಾಕಿ.

ಮೈಸೂರಿನಲ್ಲಿ ಏನು ನೋಡಬೇಕು?

ಜಗನ್ಮೋಹನ ಅರಮನೆಯ ಚಿತ್ರಶಾಲೆ. 1799ರ ನಂತರ ಐರಿಷ್ ಚಿತ್ರಕಾರ ಥಾಮಸ್ ಹಿಕಿ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನೂ ದಿವಾನ್ ಪೂರ್ಣಯ್ಯನವರನ್ನೂ ಬರೆದ. 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇಲೆ ರವಿವರ್ಮ ಬಂದು ರಾಜಮನೆತನದವರ ಭಾವಚಿತ್ರ ಬರೆದ. ತಿರುವಾಂಕೂರಿನಲ್ಲಿ ಎಳೆಯನಾಗಿದ್ದಾಗ ಯುರೋಪಿನ ಚಿತ್ರಕಾರ ಥಿಯೊಡೋರ್ ಜೆನ್ಸನ್ ಕೆಲಸ ಮಾಡುವುದನ್ನು ನೋಡುವ ಅನುಮತಿಯಷ್ಟೇ ಸಿಕ್ಕಿ, ನೋಡಿಯೇ ಎಣ್ಣೆಬಣ್ಣ ಕಲಿತವನು ಅವನು. ಚಿತ್ರಶಾಲೆಯಲ್ಲಿ ಅವನ ಕೆಲಸದ ಎದುರು ನೇರ ನಿಲ್ಲಬೇಡಿ. ಪಕ್ಕದಿಂದ, ಕಿಟಕಿಯ ಬೆಳಕು ಜಾರುವ ಕೋನದಲ್ಲಿ ನೋಡಿ. ಮೈಯ ಮೇಲೆ ಬಣ್ಣ ನಯವಾಗಿ, ಜರಿಯ ಅಂಚಿನಲ್ಲಿ ಉಬ್ಬಾಗಿ ಇರುವುದು ಆಗ ಗೊತ್ತಾಗುತ್ತದೆ.

ಮನೆಯಲ್ಲಿರುವ ಹಳೆಯ ತೈಲಚಿತ್ರವನ್ನು ಆಲೂಗಡ್ಡೆಯಿಂದ ಉಜ್ಜಿ ಸ್ವಚ್ಛ ಮಾಡಬಹುದೇ?

ಬೇಡ. ಆಲೂಗಡ್ಡೆಯ ನೀರು ಬಿರುಕಿನೊಳಗಿಂದ ಕೆಳಗಿನ ಅಂಟಿಗೆ ಇಳಿದು ಬಣ್ಣದ ಹಕ್ಕಳೆ ಏಳುತ್ತದೆ, ಉಳಿದ ಪಿಷ್ಟಕ್ಕೆ ಬೂಷ್ಟು ಹತ್ತುತ್ತದೆ. ನಿಂಬೆ, ಸೋಪು, ಟರ್ಪೆಂಟೈನ್ ಯಾವುದೂ ಬೇಡ. ಹಕ್ಕಳೆ ಏಳದ ಚಿತ್ರವಾದರೆ ಮೆತ್ತನೆಯ ಒಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ಧೂಳು ತೆಗೆಯಿರಿ. ಅದಕ್ಕಿಂತ ಹೆಚ್ಚಿನದನ್ನು ಸಂರಕ್ಷಕರಿಗೆ ಬಿಡಿ.

ಕೆಲಸ ಮುಗಿದ ಮೇಲೆ ಎಣ್ಣೆ ಒರೆಸಿದ ಚಿಂದಿಯನ್ನು ಏನು ಮಾಡಬೇಕು?

ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗಲಾರದೆ ಕಿಡಿಯಿಲ್ಲದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಒಂದೊಂದನ್ನೇ ಬಿಡಿಬಿಡಿಯಾಗಿ ಹರಡಿ ಗಟ್ಟಿಯಾಗುವವರೆಗೆ ಒಣಗಿಸಿ, ಇಲ್ಲವೇ ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ.